ಎರೆ ಹೊಲದಲ್ಲಿ ನೈಟ್ರೋ ಟ್ರಕ್: ಗಟ್ಟಿ ಮಾಡಿದ್ದು, ಮೆತ್ತಗೆ ಮಾಡಿದ್ದು

ಹೊಲದಲ್ಲಿ ಜಿಗಿಸಿ ಓಡಿಸುವ ನನ್ನ ರಿಮೋಟ್ ಗಾಡಿಗೆ ಅಲ್ಯೂಮಿನಿಯಂ ಆರ್ಮ್, ಅಂದರೆ ಚಕ್ರ ಹಿಡಿದಿರುವ ತೋಳು, ಹಾಕಿದ ಮೊದಲ ಭಾನುವಾರವೇ ಅದು ಮುರಿಯಿತು. ಆರ್ಮ್‌ಗೆ ಹೆಚ್ಚೇನೂ ಆಗಿರಲಿಲ್ಲ, ಸ್ವಲ್ಪ ಬಾಗಿತ್ತು. ಅದನ್ನು ಹಿಡಿದುಕೊಂಡಿದ್ದ ಬಲ್ಕ್‌ಹೆಡ್ ಅನ್ನುವ ಗೂಡು ಮಧ್ಯಕ್ಕೆ ಸೀಳಿತ್ತು. ಒಳಗಿನ ಡಿಫ್, ಅಂದರೆ ಚಕ್ರಗಳಿಗೆ ಬಲ ಹಂಚುವ ಗೇರ್, ಹೊರಗೆ ಕಾಣುತ್ತಿತ್ತು. ಹಳೆ ನೈಲಾನ್ ಆರ್ಮ್ ಮುರಿದಿದ್ದರೆ ಹತ್ತು ನಿಮಿಷದಲ್ಲಿ ಬದಲಾಯಿಸಿ ಮತ್ತೆ ಓಡಿಸುತ್ತಿದ್ದೆ. ಬಲ್ಕ್‌ಹೆಡ್ ಹೋದರೆ ಗಾಡಿಯ ಮುಂದಿನ ಅರ್ಧವನ್ನೇ ಬಿಚ್ಚಬೇಕು, ಪಾರ್ಟ್‌ಗೆ ಮೂರು ವಾರ ಕಾಯಬೇಕು. ಆ ಮೂರು ವಾರ ಯೋಚನೆ ಮಾಡಿದ್ದು, ಆಮೇಲೆ ಒಂದು ವರ್ಷ ಮಾಡಿ ನೋಡಿದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಲಬುರಗಿಯಲ್ಲಿ ದಾಲ್ ಮಿಲ್ ಒಂದರಲ್ಲಿ ಫಿಟ್ಟರ್. ತೊಗರಿ ಸೀಸನ್ ಶುರುವಾದರೆ ನಮಗೆ ಭಾನುವಾರ ಅನ್ನೋದೇ ಇರುವುದಿಲ್ಲ. ಹೋಳಿ ಹುಣ್ಣಿಮೆ ದಾಟಿದ ಮೇಲೆ ಸ್ವಲ್ಪ ಬಿಡುವು. ಆಗ ಗಾಡಿಯನ್ನು ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿ ಆಳಂದ ರಸ್ತೆ ಹಿಡಿದು ಅಕ್ಕನ ಊರಿಗೆ ಹೋಗುತ್ತೇನೆ. ಕಾಲೋನಿಯಲ್ಲಿ ಇದನ್ನು ಓಡಿಸೋಕೆ ಆಗೋದಿಲ್ಲ, ಸದ್ದು ಅಷ್ಟಿದೆ. ಅಕ್ಕನ ಹೊಲದಲ್ಲಿ ತೊಗರಿ ಕೊಯ್ದು, ಕಡಲೆ ಕಿತ್ತು, ಮಾರ್ಚ್‌ನಿಂದ ಮೇ ತನಕ ನೆಲ ಖಾಲಿ ಬಿದ್ದಿರುತ್ತದೆ. ಬೇಕಾದಷ್ಟು ಜಾಗ.

ಗಾಡಿ 1/8 ಅಳತೆಯ ಮಾನ್‌ಸ್ಟರ್ ಟ್ರಕ್. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುತ್ತದೆ. ಎಂಜಿನ್ 21 ಸೈಜಿನದು, ಅಂದರೆ 0.21 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 3.5 ಸಿಸಿ. ಟ್ಯಾಂಕ್ ತುಂಬಿಸಿದರೆ ಒಟ್ಟು ತೂಕ ಹೆಚ್ಚುಕಡಿಮೆ 5 ಕೆಜಿ. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಇದಕ್ಕೆ ಪೆಟ್ರೋಲ್ ನಡೆಯೋದಿಲ್ಲ. ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ಎಣ್ಣೆ ಬೆರೆಸಿದ ಇಂಧನ ಬೇಕು. ನಾನು 20 ಪರ್ಸೆಂಟ್ ನೈಟ್ರೋ ಇರುವುದನ್ನು ಹಾಕುತ್ತೇನೆ. ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇದೆ. ಅದರಲ್ಲಿ ಕೂದಲಿನಷ್ಟು ಸಣ್ಣ ಪ್ಲಾಟಿನಂ ತಂತಿಯ ಸುರುಳಿ. ಶುರುವಿನಲ್ಲಿ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಮತ್ತು ಪ್ಲಾಟಿನಂ ಸೇರಿ ಅದು ತಾನಾಗಿ ಕಾದೇ ಇರುತ್ತದೆ.

ಬಲ್ಕ್‌ಹೆಡ್ ಸೀಳಿದ ದಿನ ಅದನ್ನು ಹಿಡಿದುಕೊಂಡು ರಿಂಗ್ ರೋಡ್ ಕಡೆ ಇರುವ ಲೇತ್ ಅಂಗಡಿಯ ಚಾಚಾ ಹತ್ತಿರ ಹೋದೆ. ಮಿಲ್ಲಿನ ಶಾಫ್ಟ್ ಎಲ್ಲಾ ಅವರ ಹತ್ತಿರವೇ ಮಾಡಿಸುವುದು. ಬೆಸುಗೆ ಹಾಕೋಕೆ ಆಗುತ್ತಾ ಅಂತ ಕೇಳೋಣ ಅಂದುಕೊಂಡಿದ್ದೆ. ಅವರು ಕನ್ನಡಕ ಮೇಲೆ ಸರಿಸಿ ಎರಡೂ ತುಂಡು ಜೋಡಿಸಿ ನೋಡಿದರು. ಆಮೇಲೆ ಆರ್ಮ್ ಕೈಗೆ ತಗೊಂಡು ತೂಗಿ ನೋಡಿದರು.

"ಇದು ಗಟ್ಟಿ ಮಾಡೀರಿ, ಪಿನ್ ಗಟ್ಟಿ ಮಾಡೀರಿ. ಮತ್ತ ಪೆಟ್ಟು ಎಲ್ಲಿ ಹೋಗ್ಬೇಕ್ರಿ?"

ಮಿಲ್ಲಿನಲ್ಲಿ ನಾನು ದಿನಾ ಮಾಡುವ ಕೆಲಸ ಇದೇ. ಕಾಳು ಮೇಲೆತ್ತುವ ಎಲಿವೇಟರ್‌ನಲ್ಲಿ ಕಲ್ಲು ಸಿಕ್ಕಿಕೊಂಡರೆ ಮೊದಲು ಬೆಲ್ಟ್ ಜಾರಬೇಕು, ಇಲ್ಲವೇ ಶಿಯರ್ ಪಿನ್ ತುಂಡಾಗಬೇಕು. ಪಿನ್ ಪದೇ ಪದೇ ಹೋಗುತ್ತದೆ ಅಂತ ಯಾರಾದರೂ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಗೇರ್‌ಬಾಕ್ಸ್ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಹೊಳೆಯುವ ನೀಲಿ ಬಣ್ಣದ ಆರ್ಮ್ ಕೈಗೆ ಬಂದಾಗ ಆ ಲೆಕ್ಕ ತಲೆಗೆ ಬರಲಿಲ್ಲ.

ಅವತ್ತು ರಾತ್ರಿ ಕೂತು ಒಂದು ಸಣ್ಣ ಲೆಕ್ಕ ಹಾಕಿದೆ. ಗಾಡಿ ಒಂದೂವರೆ ಮೀಟರ್ ಎತ್ತರದಿಂದ ಬಿತ್ತು ಅಂದುಕೊಳ್ಳಿ. ನೆಲ ಮುಟ್ಟುವಾಗ ಅದು ಕೆಳಗೆ ಬರುತ್ತಿರುವ ವೇಗ ಗಂಟೆಗೆ 19 ಕಿಲೋಮೀಟರ್ ದಾಟಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಪೆಟ್ಟು ನಿಂತಿದೆ. ಶಾಕ್ ಅಬ್ಸಾರ್ಬರ್ ಗಟ್ಟಿಯಾಗಿದ್ದು 3 ಸೆಂಟಿಮೀಟರ್‌ನಲ್ಲೇ ನಿಂತರೆ, 5 ಕೆಜಿ ಗಾಡಿಯ ಮೇಲೆ ಸರಾಸರಿ 250 ಕೆಜಿ ಭಾರ ಇಟ್ಟ ಹಾಗೆ. ಅದೇ ಗಾಡಿ 9 ಸೆಂಟಿಮೀಟರ್ ಇಳಿದು ನಿಂತರೆ ಭಾರ ಸುಮಾರು 80 ಕೆಜಿಗೆ ಬರುತ್ತದೆ. ಬೀಳುವ ಎತ್ತರ ಅದೇ, ಗಾಡಿ ಅದೇ. ಆರು ಸೆಂಟಿಮೀಟರ್ ಜಾಸ್ತಿ ಇಳಿದದ್ದಕ್ಕೆ ಪೆಟ್ಟು ಮೂರನೇ ಒಂದು ಭಾಗ ಆಯಿತು. ಅಂದಮೇಲೆ ನಾನು ದುಡ್ಡು ಸುರಿಯಬೇಕಾದ ಜಾಗ ಆರ್ಮ್ ಅಲ್ಲ, ಶಾಕ್.

ನೈಲಾನ್ ಆರ್ಮ್‌ಗಳನ್ನೇ ವಾಪಸ್ ಹಾಕಿದೆ. ಹಾಕುವ ಮೊದಲು ಹಳೆ ಡಬ್ಬಿಯಲ್ಲಿ ನೀರು ಕುದಿಸಿ ಅರ್ಧ ಗಂಟೆ ಅದರಲ್ಲಿ ಬಿಟ್ಟೆ. ನೈಲಾನ್ ನೀರು ಕುಡಿದರೆ ಸ್ವಲ್ಪ ಮೆತ್ತಗಾಗುತ್ತದೆ, ಪೆಟ್ಟಿಗೆ ಸೀಳೋದು ಕಡಿಮೆ ಆಗುತ್ತದೆ. ನಮ್ಮ ಕಡೆ ಬೇಸಿಗೆಯ ಒಣ ಗಾಳಿಗೆ ಆ ನೀರು ಮತ್ತೆ ಆರಿ ಹೋಗುತ್ತದೆ. ಅದಕ್ಕೇ ಸೀಸನ್‌ಗೆ ಎರಡು ಸಲ ಕುದಿಸುತ್ತೇನೆ. ಆರ್ಮ್ ತಿರುಗುವ ಹಿಂಜ್ ಪಿನ್ ಮಾತ್ರ ಚಾಚಾ 4 ಎಂಎಂ ಸಿಲ್ವರ್ ಸ್ಟೀಲ್‌ನಲ್ಲಿ ಮಾಡಿಕೊಟ್ಟರು. ಪಿನ್ ಬಾಗಿದರೆ ಆರ್ಮ್ ಸಲೀಸಾಗಿ ಏಳುವುದಿಲ್ಲ, ಬೀಳುವುದಿಲ್ಲ. ಅದು ಗಟ್ಟಿ ಇರಲೇಬೇಕು. ದುಡ್ಡು ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಹೊಟ್ಟೆ ಕೆಳಗಿನ ತಟ್ಟೆಗೂ ಒಂದು ಉಪಾಯ ಸಿಕ್ಕಿತು. ಮಿಲ್ಲಿನ ಎಲಿವೇಟರ್‌ನ ಪ್ಲಾಸ್ಟಿಕ್ ಬಕೆಟ್‌ಗಳು ಹಳೆಯದಾದರೆ ಮೂಲೆಯಲ್ಲಿ ಬಿದ್ದಿರುತ್ತವೆ. ಅದರ ಬೆನ್ನಿನ ಚಪ್ಪಟೆ ಭಾಗ ಕೊಯ್ದು ಚಾಸಿ ಕೆಳಗೆ ಹಾಕಿದೆ. ವರ್ಷಗಟ್ಟಲೆ ತೊಗರಿ ಉಜ್ಜಿದರೂ ಸವೆಯದ ಪ್ಲಾಸ್ಟಿಕ್ ಅದು. ಕಲ್ಲಿನ ಮೇಲೆ ಬಿದ್ದರೂ ಜಾರಿಕೊಂಡು ಹೋಗುತ್ತದೆ.

ಇನ್ನು ಶಾಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಗಾಡಿಯ ಸ್ವಭಾವ ಬದಲಾಗಿದ್ದು ಇಲ್ಲೇ.

ಗಾಡಿಯ ಜೊತೆ ಬಂದಿದ್ದು 30 ವೇಟ್ ಸಿಲಿಕೋನ್ ಎಣ್ಣೆ. ವೇಟ್ ಜಾಸ್ತಿ ಆದಷ್ಟೂ ಎಣ್ಣೆ ದಪ್ಪ. ಸಿಲಿಕೋನ್ ಎಣ್ಣೆ ಬಿಸಿಗೆ ಬೇರೆ ಎಣ್ಣೆಗಳಷ್ಟು ತೆಳುವಾಗುವುದಿಲ್ಲ. ಆದರೂ ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ, ಅದೂ ಕರಿ ಮಣ್ಣಿನ ಮೇಲೆ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ಹಾರಿದ ಗಾಡಿ ಹನ್ನೊಂದು ಗಂಟೆಗೆ ಹೊಟ್ಟೆ ಬಡಿಯುತ್ತದೆ. ಹಾಗಾಗಿ ಮುಂದೆ 50, ಹಿಂದೆ 45 ವೇಟ್ ಹಾಕಿದೆ, ಸ್ಪ್ರಿಂಗ್ ಮಾತ್ರ ಮೊದಲಿಗಿಂತ ಮೆತ್ತಗಿನದು. ದಪ್ಪ ಎಣ್ಣೆ ಬೀಳುವಾಗ ತಡೆಯುತ್ತದೆ, ಮೆತ್ತಗಿನ ಸ್ಪ್ರಿಂಗ್ ಮತ್ತೆ ಗಾಡಿಯನ್ನು ಮೇಲಕ್ಕೆ ಎಸೆಯುವುದಿಲ್ಲ.

ಎಣ್ಣೆ ತುಂಬಿಸುವಾಗ ಅವಸರ ಮಾಡಬಾರದು. ಶಾಕ್ ಬಾಡಿಯನ್ನು ನೇರ ನಿಲ್ಲಿಸಿ, ಪಿಸ್ಟನ್ ಕೆಳಗೆ ಎಳೆದು, ಅಂಚಿನ ತನಕ ಎಣ್ಣೆ ಹಾಕುತ್ತೇನೆ. ಆಮೇಲೆ ಪಿಸ್ಟನ್ನನ್ನು ನಿಧಾನ, ಬಹಳ ನಿಧಾನ ಮೇಲೆ ಕೆಳಗೆ ಮಾಡುತ್ತೇನೆ. ಪಿಸ್ಟನ್ ತೂತುಗಳಿಂದ ಸಾಸಿವೆ ಗಾತ್ರದ ಗುಳ್ಳೆಗಳು ಹೊರಡುತ್ತವೆ. ದಪ್ಪ ಎಣ್ಣೆಯಲ್ಲಿ ಅವು ಏಳುವುದಕ್ಕೆ ಆತುರ ಇಲ್ಲ. ಒಂದೊಂದೇ ಮೇಲೆ ಬಂದು, ಅಂಚಿಗೆ ಅಂಟಿಕೊಂಡು, ಸ್ವಲ್ಪ ಹೊತ್ತು ನಿಂತು ಒಡೆಯುತ್ತವೆ. ನಾಲ್ಕು ಶಾಕ್ ಸಾಲಾಗಿ ನಿಲ್ಲಿಸಿ ಕಾಲು ಗಂಟೆ ಬಿಟ್ಟುಬಿಡುತ್ತೇನೆ. ಗುಳ್ಳೆ ಉಳಿದರೆ ಹಾರುವಾಗ ಎಣ್ಣೆ ಮತ್ತು ಗಾಳಿ ಕಲೆತು ನೊರೆ ಆಗುತ್ತದೆ. ನೊರೆ ಆದ ಶಾಕ್ ಯಾವುದನ್ನೂ ತಡೆಯುವುದಿಲ್ಲ. ಕೈಯಲ್ಲಿ ಒತ್ತಿದಾಗ ಪಿಚ್ ಪಿಚ್ ಸದ್ದು ಬಂದರೆ ಮತ್ತೆ ಬಿಚ್ಚಿ ಶುರುವಿನಿಂದ ಮಾಡುತ್ತೇನೆ.

ಜಿಗಿಯೋಕೆ ರ‍್ಯಾಂಪ್ ಬೇಕಲ್ವಾ. ಅಕ್ಕನ ಮನೆ ನೆಲಕ್ಕೆ ಹಾಕಿ ಉಳಿದಿದ್ದ ಶಹಾಬಾದ್ ಫರ್ಸಿ ಎರಡು ಇದ್ದವು, ಮೂರು ಅಡಿ ಉದ್ದದವು. ಹೊಲದ ಒಡ್ಡಿಗೆ ಆನಿಸಿ ಇಟ್ಟೆವು. ಮೊದಲನೆಯದು ಸ್ವಲ್ಪವೇ ಓರೆ, ಎರಡನೆಯದು ಅದಕ್ಕಿಂತ ಜಾಸ್ತಿ ಓರೆ. ಒಂದೇ ಕಲ್ಲನ್ನು ಕಡಿದಾಗಿ ಇಟ್ಟರೆ ಗಾಡಿ ಅದಕ್ಕೆ ಮುಖ ಕೊಟ್ಟು ಗುದ್ದುತ್ತದೆ, ಹಿಂದಿನ ಚಕ್ರ ಒದೆಯುತ್ತದೆ. ಎರಡು ಕಲ್ಲಿನಲ್ಲಿ ಏರಿದರೆ ಮೆಲ್ಲಗೆ ತಲೆ ಎತ್ತುತ್ತದೆ. ಒಡ್ಡಿನ ಆಚೆ ಮಗ್ಗುಲು ಇಳಿಜಾರು ಇದೆ. ಗಾಡಿ ಸಮ ನೆಲದ ಮೇಲೆ ಬೀಳದೆ ಆ ಇಳಿಜಾರಿನ ಮೇಲೆ ಇಳಿಯುವ ಹಾಗೆ ವೇಗ ಹೊಂದಿಸಿಕೊಂಡರೆ ಸದ್ದೇ ಇಲ್ಲದೆ ಇಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಗಾಡಿ ಮೂಗಿನ ಮೇಲೇ ಬೀಳುತ್ತಿತ್ತು. ಹಿಂದಿನ ಎಣ್ಣೆ ಬದಲಾಯಿಸಿದೆ, ಸ್ಪ್ರಿಂಗ್ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಅಕ್ಕನ ಮಗ, ನನ್ನ ಅಳಿಯ, ಎಂಟನೇ ಕ್ಲಾಸು. ಒಡ್ಡಿನ ಪಕ್ಕ ಕೂತು ನೋಡುತ್ತಿದ್ದವನು ಎದ್ದು ಬಂದ.

"ಮಾಮಾ, ಗಾಡಿ ಕಲ್ಲು ಬಿಡೋಕಿಂತ ಮೊದ್ಲೇ ನೀವು ರೇಸ್ ಬಿಡ್ಲತ್ತೀರಿ ನೋಡ್ರಿ. ಸದ್ದು ಅಲ್ಲೇ ಕಮ್ಮಿ ಆಗ್ಲತ್ತದ."

ಅವನು ಹೇಳಿದ್ದು ಸರಿ ಇತ್ತು. ಭಯಕ್ಕೆ ನನ್ನ ಬೆರಳು ತಾನಾಗಿ ಸಡಿಲ ಆಗುತ್ತಿತ್ತು. ಗಾಡಿ ನೆಲ ಬಿಟ್ಟಮೇಲೂ ಅದರ ಮೇಲೆ ನಮ್ಮ ಹಿಡಿತ ಇರುತ್ತದೆ. ಗಾಳಿಯಲ್ಲಿ ರೇಸ್ ಕೊಟ್ಟರೆ ಚಕ್ರಗಳು ಜೋರು ತಿರುಗುತ್ತವೆ, ಅದರ ಎದುರು ಬಲಕ್ಕೆ ಗಾಡಿಯ ಮೂಗು ಮೇಲೆ ಏಳುತ್ತದೆ. ಬ್ರೇಕ್ ಹಿಡಿದರೆ ಮೂಗು ಕೆಳಗೆ ಹೋಗುತ್ತದೆ. ನಾನು ರೇಸ್ ಬಿಟ್ಟಾಗಲೆಲ್ಲ ಚಕ್ರ ನಿಧಾನ ಆಗಿ ಮೂಗು ಬೀಳುತ್ತಿತ್ತು. ಈಗ ಕಲ್ಲಿನ ಕೊನೆ ದಾಟುವ ತನಕ ಒಂದೇ ಸಮ ರೇಸ್ ಹಿಡಿಯುತ್ತೇನೆ. ಮೇಲೆ ಹೋದಮೇಲೆ ಮೂಗು ನೋಡಿಕೊಂಡು ಚಿಟಿಕೆಯಷ್ಟು ಕೊಡುವುದು ಅಥವಾ ತೆಗೆಯುವುದು. ನೆಲ ಮುಟ್ಟುವ ಕ್ಷಣಕ್ಕೆ ಫುಲ್ ರೇಸ್ ಇರಬಾರದು. ಜೋರು ತಿರುಗುವ ಚಕ್ರ ತಟ್ಟನೆ ನೆಲ ಹಿಡಿದರೆ ಆ ಏಟು ನೇರ ಡಿಫ್ ಹಲ್ಲಿಗೆ ಹೋಗುತ್ತದೆ.

ಧೂಳಿನ ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಈ ಗಾಡಿಯ ಮೊದಲ ಎಂಜಿನ್ ನಾಲ್ಕು ಲೀಟರ್ ಇಂಧನಕ್ಕೇ ಹೋಯಿತು, ಕಾರಣ ಧೂಳು. ಇಂಥ ಎಂಜಿನ್‌ನಲ್ಲಿ ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ. ಕ್ರೋಮ್ ಹಾಕಿದ ಹಿತ್ತಾಳೆ ಸ್ಲೀವ್ ಮೇಲಿನ ಕಡೆ ಸ್ವಲ್ಪ ಬಿಗಿ ಇರುತ್ತದೆ. ತಣ್ಣಗಿರುವಾಗ ಫ್ಲೈವೀಲ್ ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದಾಗ ಗಪ್ಪನೆ ಹಿಡಿಯಬೇಕು. ಆ ಹಿಡಿತವೇ ಎಂಜಿನ್ನಿನ ಪ್ರಾಣ. ಕಾದಾಗ ಮೇಲಿನ ಭಾಗ ಜಾಸ್ತಿ ಹಿಗ್ಗಿ ಅಳತೆ ಸರಿ ಆಗುತ್ತದೆ. ಎರೆ ಮಣ್ಣಿನ ಧೂಳು ಹಿಟ್ಟಿನ ಹಾಗೆ ಸಣ್ಣ. ಅದು ಒಳಗೆ ಹೋದರೆ ಎಣ್ಣೆ ಜೊತೆ ಕಲೆತು ಕ್ರೋಮ್ ಉಜ್ಜುತ್ತದೆ. ಹಿಡಿತ ಹೋಯಿತು ಅಂದರೆ ತಣ್ಣಗಿದ್ದಾಗ ಶುರು ಆಗುತ್ತದೆ, ಕಾದಮೇಲೆ ಆರಿದರೆ ಎಷ್ಟು ಎಳೆದರೂ ಹತ್ತುವುದಿಲ್ಲ. ಪಿಸ್ಟನ್ ಸ್ಲೀವ್ ಸೆಟ್‌ಗೆ ನಾಲ್ಕು ಸಾವಿರದ ಹತ್ತಿರ ಹೋಯಿತು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಅಪ್‌ಗ್ರೇಡ್ ಏರ್ ಫಿಲ್ಟರ್. ಎರಡು ಪದರದ ಫೋಮ್ ಇರುವುದು ತಗೊಳ್ಳಿ. ಫೋಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫಿಲ್ಟರ್ ಎಣ್ಣೆ ಬಿಟ್ಟು, ಬಣ್ಣ ಎಲ್ಲಾ ಕಡೆ ಒಂದೇ ಆಗುವ ತನಕ ಹಿಟ್ಟು ನಾದಿದ ಹಾಗೆ ನಾದಿ. ಫಿಲ್ಟರ್ ರಬ್ಬರ್ ಕತ್ತು ಕಾರ್ಬುರೇಟರ್‌ಗೆ ಕೂರುವ ಜಾಗದಲ್ಲಿ ಸ್ವಲ್ಪ ಗ್ರೀಸ್ ಹಚ್ಚಿ, ಟೈ ಹಾಕಿ ಬಿಗಿಯಿರಿ. ಧೂಳು ಫೋಮ್‌ನಿಂದ ಹೋಗುವುದಕ್ಕಿಂತ ಆ ಸಂದಿಯಿಂದ ಹೋಗುವುದೇ ಜಾಸ್ತಿ. ನಾನು ಎಣ್ಣೆ ಹಾಕಿದ ಮೂರು ಫಿಲ್ಟರ್ ಡಬ್ಬಿಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಬೀದರಿಗೆ ಒಮ್ಮೆ ಒಯ್ದಿದ್ದೆ. ಅಲ್ಲಿಯ ಕೆಂಪು ನೆಲದಲ್ಲಿ ಹಿಡಿತ ಚೆನ್ನಾಗಿತ್ತು, ಆದರೆ ಒಂದೇ ಮಧ್ಯಾಹ್ನಕ್ಕೆ ಎರಡು ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

ನೀಡಲ್, ಅಂದರೆ ಕಾರ್ಬುರೇಟರ್‌ನಲ್ಲಿ ಇಂಧನ ಹೆಚ್ಚುಕಡಿಮೆ ಮಾಡುವ ಸ್ಕ್ರೂ, ಅದರ ವಿಷಯದಲ್ಲಿ ನನ್ನ ಮಾತು ಒಂದೇ. ಬಿಸಿಲಿಗೆ ಹೆದರಿ ಸುಮ್ನೆ ತಿರುಗಿಸಬೇಡಿ, ಹೊಗೆ ನೋಡಿ, ಬಿಸಿ ಅಳೆಯಿರಿ. ಇಂಧನದಲ್ಲೇ ಎಣ್ಣೆ ಇರುವುದರಿಂದ, ಇಂಧನ ಕಡಿಮೆ ಮಾಡಿದರೆ ಎಂಜಿನ್ನಿಗೆ ಸಿಗುವ ಎಣ್ಣೆಯೂ ಕಡಿಮೆ. ಜೋರು ಓಡುತ್ತದೆ, ಸದ್ದೂ ಚೆನ್ನಾಗಿ ಬರುತ್ತದೆ, ಆಮೇಲೆ ಒಂದು ದಿನ ಸಾಯುತ್ತದೆ. ಫುಲ್ ರೇಸ್‌ನಲ್ಲಿ ಹೋಗುವಾಗ ಹಿಂದೆ ತೆಳ್ಳಗೆ ನೀಲಿ ಹೊಗೆ ಕಾಣಲೇಬೇಕು. ಥರ್ಮಾಮೀಟರ್ ಇಲ್ಲದ ದಿನಗಳಲ್ಲಿ ಹೆಡ್ ಮೇಲೆ ಒಂದು ಹನಿ ನೀರು ಬಿಡುತ್ತಿದ್ದೆ. ಮೂರು ನಾಲ್ಕು ಸೆಕೆಂಡು ಕುದ್ದು ಆರಿದರೆ ಸರಿ, ಬಿದ್ದ ಕೂಡಲೇ ಚುಯ್ ಅಂದು ಹಾರಿಹೋದರೆ ಗಾಡಿ ನಿಲ್ಲಿಸಬೇಕು. ಈಗ ಪ್ಲಗ್ ಹತ್ತಿರ 105ರಿಂದ 120 ಡಿಗ್ರಿ ಒಳಗೆ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ಮೇ ತಿಂಗಳ ಸೆಟ್ಟಿಂಗ್ ಡಿಸೆಂಬರಿಗೆ ನಡೆಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಗಾಳಿ ದಟ್ಟ ಇರುತ್ತದೆ, ಅದೇ ನೀಡಲ್‌ನಲ್ಲಿ ಇಂಧನ ಸಾಲದೆ ಹೋಗುತ್ತದೆ. ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು ಬಿಚ್ಚಿ, ಓಡಿಸಿ, ಮತ್ತೆ ನೋಡಬೇಕು.

ಒಂದು ಸಲ ಬಹಳ ಹೆದರಿದ್ದೆ. ಸ್ಟೀರಿಂಗ್‌ಗೆ 20 ಕೆಜಿ ಬಲದ ಸರ್ವೋ, ಅಂದರೆ ಚಕ್ರ ಹೊರಳಿಸುವ ಸಣ್ಣ ಮೋಟರ್, ಹಾಕಿದ್ದೆ, ಬ್ಯಾಟರಿ ಮಾತ್ರ ಹಳೆಯದು. ಜಿಗಿದು ಇಳಿದ ತಕ್ಷಣ ವೋಲ್ಟೇಜ್ ಬಿದ್ದು, ರಿಮೋಟಿನ ಮಾತು ಕೇಳುವ ರಿಸೀವರ್ ಸತ್ತುಹೋಯಿತು. ಕಾರ್ಬುರೇಟರ್ ಅರ್ಧ ತೆರೆದೇ ಇತ್ತು. ಗಾಡಿ ಬೇವಿನ ಮರದ ಕೆಳಗೆ ಕಟ್ಟಿದ್ದ ಎತ್ತುಗಳ ಕಡೆ ಓಡಿತು. ದಾರಿಯಲ್ಲಿ ತೊಗರಿ ಕೂಳೆಗೆ ಸಿಕ್ಕಿ ಮಗುಚಿ ಬಿತ್ತು, ದೇವರು ದೊಡ್ಡವನು. ಮಗುಚಿದರೂ ಎಂಜಿನ್ ಕಿರುಚುತ್ತಲೇ ಇತ್ತು. ಓಡಿಹೋಗಿ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಮುಚ್ಚಿ ಆರಿಸಿದೆ. ಅವತ್ತಿನಿಂದ 6 ವೋಲ್ಟಿನ ಹೊಸ ಬ್ಯಾಟರಿ ಪ್ಯಾಕ್, ರಿಸೀವರ್‌ನಲ್ಲಿ ಸಿಗ್ನಲ್ ತಪ್ಪಿದರೆ ರೇಸ್ ಇಳಿಸುವ ಫೇಲ್‌ಸೇಫ್, ಕಾರ್ಬುರೇಟರ್‌ಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್, ಈ ಮೂರೂ ಇವೆ. ಸ್ಪ್ರಿಂಗ್‌ಗೆ ಹತ್ತು ರೂಪಾಯಿಯೂ ಆಗಲಿಲ್ಲ. ಮಕ್ಕಳು ಇರುವ ಕಡೆ ಓಡಿಸುವವರು ಇದನ್ನು ಇವತ್ತೇ ಹಾಕಿ. ಮೆಥನಾಲ್‌ಗೆ ಬೆಂಕಿ ಹತ್ತಿದರೆ ಬಿಸಿಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ. ಇಂಧನ ತುಂಬಿಸುವಾಗ ಅಳಿಯನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸುತ್ತೇನೆ.

ಟೈರ್ ಬಗ್ಗೆ ಸ್ವಲ್ಪ. ಫುಲ್ ರೇಸ್‌ನಲ್ಲಿ ಟೈರ್ ತಟ್ಟೆಯ ಹಾಗೆ ಉಬ್ಬುತ್ತಿತ್ತು. ಒಳಗಡೆ ಎರಡು ಸುತ್ತು ನೂಲಿನ ಟೇಪ್ ಅಂಟಿಸಿದೆ, ಫೆವಿಕ್ವಿಕ್‌ನಿಂದ ರಿಮ್‌ಗೆ ಕೂರಿಸಿದೆ. ಈಗ ಉಬ್ಬುವುದಿಲ್ಲ. ಪ್ರತಿ ಟೈರ್‌ಗೂ ಎದುರುಬದುರು ಎರಡು ತೂತು ಹೊಡೆದಿದ್ದೇನೆ, ಒಳಗಿನ ಗಾಳಿ ಹೊರಗೆ ಹೋಗಿ ಬೀಳುವ ಪೆಟ್ಟು ಇನ್ನಷ್ಟು ಕಡಿಮೆ ಆಗುತ್ತದೆ.

ಹೋದ ಭಾನುವಾರ ಅಳಿಯನ ಕೈಗೆ ರಿಮೋಟ್ ಕೊಟ್ಟೆ. ಫರ್ಸಿ ಹತ್ತಿಸಿದ, ರೇಸ್ ಬಿಡಲಿಲ್ಲ. ಗಾಡಿ ಒಡ್ಡಿನ ಮೇಲೆ ನನ್ನ ಎದೆಯಷ್ಟು ಎತ್ತರ ಹೋಯಿತು. ಮೂಗು ಸ್ವಲ್ಪ ಮೇಲಾಯಿತು, ಅವನು ತುಸು ಬ್ರೇಕ್ ಮುಟ್ಟಿದ, ಸಮ ಆಯಿತು. ನಾಲ್ಕೂ ಚಕ್ರ ಒಟ್ಟಿಗೆ ಇಳಿಜಾರು ಹಿಡಿದವು. ನೈಲಾನ್ ಆರ್ಮ್‌ಗಳು ಅಗಲಕ್ಕೆ ಬಾಗಿ, ಹೊಟ್ಟೆ ನೆಲಕ್ಕೆ ಎರಡು ಬೆರಳು ಮೇಲೆ ನಿಂತು, ಮತ್ತೆ ಮೆಲ್ಲಗೆ ಎದ್ದಿತು. ಮಗ್ಗುಲ ಹೊಲದ ಅಜ್ಜ ಬೀಡಿ ಹಚ್ಚೋದು ಬಿಟ್ಟು "ಇನ್ನೊಮ್ಮೆ ಹಾರ್ಸಪಾ ತಮ್ಮಾ" ಅಂದರು. ಹದಿಮೂರು ಸಲ ಹಾರಿಸಿದೆವು. ಏನೂ ಮುರಿಯಲಿಲ್ಲ.

ಸಂಜೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ನಿಗೆ ತುಕ್ಕು ಹಿಡಿಯದಿರಲಿ ಅಂತ ಎರಡು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು, ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗೆ ನಿಲ್ಲಿಸಿದೆ. ಹಿಂದಿನ ಎಡಗಡೆ ಶಾಕ್ ಕೆಳಗೆ ಎಣ್ಣೆ ಜಿನುಗಿ ಧೂಳು ಅಂಟಿತ್ತು. ಎಣ್ಣೆ ತಡೆಯುವ ಓ ರಿಂಗ್ ಹೋಗಿದೆ, ಹೈದರಾಬಾದಿಗೆ ಹೇಳಿದ್ದೇನೆ, ಗುರುವಾರ ಬರಬೇಕು. ಮೊದಲ ಮಳೆ ಬಿದ್ದರೆ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಎರಡು ಪಟ್ಟು ಭಾರ ಆಗುತ್ತದೆ, ಕ್ಲಚ್ ಸುಡುತ್ತದೆ. ಹೋದ ವರ್ಷ ಹಾಗೇ ಒಂದು ಸೆಟ್ ಕ್ಲಚ್ ಶೂ ಹೋಯಿತು. ಅಕ್ಕ ರೋಹಿಣಿಗೆ ಹೊಲ ಹಸನು ಮಾಡಿಸಬೇಕು ಅಂತಿದ್ದಾರೆ. ಇನ್ನು ಎರಡು ಭಾನುವಾರ ಇವೆ.